ಹಾಕಿ ಲೀಗ್‌ಗೆ ಹೊಸದಾಗಿ ಸೇರ್ತಿದ್ದೀನಿ: 400 ಡಾಲರ್‌ನಲ್ಲಿ ಪ್ಯಾಡು, ಹೆಲ್ಮೆಟ್ಟು ಎಲ್ಲಾ ಹೊಂದಿಸಬಹುದಾ?

ಹರ್ಷ_ಮಿಸ್ಸಿಸಾಗಾ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಿಂದ ಶುರುವಾಗೋ ದೊಡ್ಡವರ ಬಿಗಿನರ್ ಐಸ್ ಹಾಕಿ ಲೀಗ್‌ಗೆ ಹೆಸರು ಕೊಟ್ಟಿದ್ದೀನಿ. ಬಾಡಿ ಚೆಕಿಂಗ್ (ಮೈಯಿಂದ ಗುದ್ದಿ ತಡೆಯೋದು) ಇಲ್ಲ, ಸ್ಲ್ಯಾಪ್ ಶಾಟ್‌ಗೂ (ಸ್ಟಿಕ್ ಎತ್ತಿ ಜೋರಾಗಿ ಹೊಡೆಯೋದು) ಅವಕಾಶ ಇಲ್ಲ. ಸ್ಕೇಟ್ಸ್, ಸ್ಟಿಕ್ ಇವೆ. ಉಳಿದಿದ್ದಕ್ಕೆಲ್ಲ ಸೇರಿ 400 ಕೆನಡಿಯನ್ ಡಾಲರ್ ಎತ್ತಿಟ್ಟಿದ್ದೀನಿ. ಎತ್ತರ 5 ಅಡಿ 6 ಇಂಚು, ಸೊಂಟ 32, ತೂಕ 68 ಕೆಜಿ.

ಯಾವುದು ಹೊಸದೇ ಆಗಬೇಕು, ಯಾವುದು ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ? ಮೈಗೆ ಮೈ ತಾಗಿಸೋ ಆಟ ಅಲ್ಲ ಅಂದ ಮೇಲೆ ಶೋಲ್ಡರ್ ಪ್ಯಾಡ್ ಬಿಡಬಹುದಾ? ಜೊತೆಗೆ, ಊರಿಂದ ತಂದ ಕ್ರಿಕೆಟ್ ಕಿಟ್ ಮನೇಲಿದೆ. ಹೆಲ್ಮೆಟ್, ಗಾರ್ಡ್, ಥೈ ಪ್ಯಾಡ್, ಇವುಗಳಲ್ಲಿ ಏನಾದರೂ ಇಲ್ಲಿ ಉಪಯೋಗಕ್ಕೆ ಬರುತ್ತಾ?

ರಿಂಕ್_ರಾಘು

ಹರ್ಷ ಅವರೇ, ಮೊದಲು ಕ್ರಿಕೆಟ್ ಕಿಟ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಅದರಲ್ಲಿ ಹೆಲ್ಮೆಟ್ ನಿಜಕ್ಕೂ ಅಪಾಯ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ, ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) 156ರಿಂದ 170 ಗ್ರಾಂ, ತೂಕ ಹೆಚ್ಚುಕಮ್ಮಿ ಒಂದೇ. ಆದರೆ ಚೆಂಡು ಯಾವ ಕಡೆಯಿಂದ ನೋಡಿದರೂ 7 ಸೆಂ.ಮೀ. ದಪ್ಪ, ಪಕ್ 3 ಇಂಚು ಅಗಲ ಇದ್ದರೂ ದಪ್ಪ ಒಂದೇ ಇಂಚು. ಕ್ರಿಕೆಟ್ ಗ್ರಿಲ್ಲಿನ ಸಂದಿ ಚೆಂಡು ತೂರಬಾರದು ಅನ್ನೋ ಲೆಕ್ಕದಲ್ಲಿ ಮಾಡಿದ್ದು. ಅಡ್ಡವಾಗಿ ಹಾರಿ ಬಂದ ಪಕ್ ಅಥವಾ ಎದುರಿನವರ ಸ್ಟಿಕ್ಕಿನ ತುದಿ ಅಲ್ಲಿ ನುಗ್ಗುತ್ತೆ. ಜೊತೆಗೆ ಐಸ್ ಮೇಲೆ ಹೊಸಬರು ಬೀಳೋದು ಹೆಚ್ಚಾಗಿ ಹಿಂದಕ್ಕೆ, ತಲೆಯ ಹಿಂಭಾಗ ಬಡಿಯೋ ಹಾಗೆ. ಹಾಕಿ ಹೆಲ್ಮೆಟ್ ಆ ಬೀಳುವಿಕೆಯನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ್ದು. ಇನ್ನು ಕೆನಡಾದ ಸುರಕ್ಷತಾ ಗುರುತಾದ ಸಿಎಸ್‌ಎ ಸ್ಟಿಕ್ಕರ್ ಇಲ್ಲದ ಹೆಲ್ಮೆಟ್ ಹಾಕಿಕೊಂಡು ಬಂದರೆ ಲೀಗ್‌ನವರು ಐಸ್‌ಗೆ ಇಳಿಯೋಕೆ ಬಿಡಲ್ಲ.

ಥೈ ಪ್ಯಾಡ್ ಕೂಡ ಬೇಡ. ಅದು ತೊಡೆಯ ಒಂದು ಭಾಗಕ್ಕೆ ಮಾತ್ರ. ಹಾಕಿ ಪ್ಯಾಂಟು ತೊಡೆ, ಸೊಂಟದ ಮೂಳೆ, ಕಿಡ್ನಿ ಜಾಗ, ಕೆಳಗೆ ಬಾಲಮೂಳೆವರೆಗೆ ಎಲ್ಲವನ್ನೂ ಮುಚ್ಚುತ್ತೆ. ಅಬ್ಡಾಮಿನಲ್ ಗಾರ್ಡ್ ಪೆಟ್ಟೇನೋ ತಡೆಯುತ್ತೆ, ಆದರೆ ಸ್ಕೇಟಿಂಗ್‌ನಲ್ಲಿ ಕಾಲು ಅಗಲಿಸಿ ಒತ್ತುವಾಗ ಜರುಗಿಬಿಡುತ್ತೆ. ಹಾಕಿ ಜಾಕ್ ಶಾರ್ಟ್ಸ್‌ನಲ್ಲಿ ಕಪ್ (ಅಂದ್ರೆ ಗಾರ್ಡ್) ಕೂರೋಕೆ ಜೇಬು, ಸಾಕ್ಸ್ ಎಳೆದು ಅಂಟಿಸೋಕೆ ಮುಂದೆ ಹಿಂದೆ ವೆಲ್ಕ್ರೋ ಇರುತ್ತೆ. ಹೊಸದನ್ನೇ ತಗೊಳ್ಳಿ, 35 ಡಾಲರ್ ಒಳಗೆ ಸಿಗುತ್ತೆ.

ಹೊಸದೇ ಆಗಬೇಕಾದವು ನಾಲ್ಕು: ಕೇಜ್ (ಮುಖ ಮುಚ್ಚೋ ಕಂಬಿ ಜಾಲರಿ) ಸಮೇತ ಹೆಲ್ಮೆಟ್, ನೆಕ್ ಗಾರ್ಡ್, ಜಾಕ್, ಮೌತ್ ಗಾರ್ಡ್. ಉಳಿದಿದ್ದೆಲ್ಲ ಹಳೇದು ಸಾಕು.

ಹೆಲ್ಮೆಟ್ ಹಳೇದು ಯಾಕೆ ಬೇಡ ಅಂದ್ರೆ, ಒಳಗಿನ ಫೋಮ್ ಎಷ್ಟು ಪೆಟ್ಟು ತಿಂದಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಅಮೆರಿಕದ ಹೆಕ್ ಸಂಸ್ಥೆಯ ಸರ್ಟಿಫಿಕೇಷನ್ ಸ್ಟಿಕ್ಕರ್ ಇದ್ದರೆ ಅದರಲ್ಲಿ ತಯಾರಾದ ದಿನದಿಂದ ಆರೂವರೆ ವರ್ಷದ ಗಡುವು ಬರೆದಿರುತ್ತೆ. ಸಿಎಸ್‌ಎ ಸ್ಟಿಕ್ಕರ್‌ನಲ್ಲಿ ಗಡುವು ಇರಲ್ಲ, ಹಾಗಾಗಿ ಹದಿನೈದು ವರ್ಷದ ಹಳೇ ಹೆಲ್ಮೆಟ್ಟೂ "ಸರ್ಟಿಫೈಡ್" ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬರುತ್ತೆ. ಕೇಜ್ ಸೇರಿಸಿದ ಕಾಂಬೋ ತಗೊಳ್ಳಿ, 110ರಿಂದ 130ಕ್ಕೆ ಕೆಳಗಿನ ಮಾಡೆಲ್ ಬರುತ್ತೆ. ದುಬಾರಿ ಅಂದ್ರೆ ಹೆಚ್ಚು ಸುರಕ್ಷಿತ ಅಂತಲ್ಲ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 2015ರಿಂದ ಹಾಕಿ ಹೆಲ್ಮೆಟ್‌ಗಳನ್ನ ಪರೀಕ್ಷೆ ಮಾಡಿ ಸ್ಟಾರ್ ಕೊಡ್ತಾ ಬಂದಿದೆ, ಪಟ್ಟಿ ಇಂಟರ್ನೆಟ್‌ನಲ್ಲಿ ಪುಕ್ಕಟೆ. ಅಂಗಡಿಗೆ ಹೋಗೋ ಮುಂಚೆ ನಿಮ್ಮ ಬಜೆಟ್ಟಿನ ಎರಡು ಮೂರು ಮಾಡೆಲ್ ಅಲ್ಲಿ ನೋಡಿಕೊಳ್ಳಿ. ಆದರೆ ಯಾವ ಹೆಲ್ಮೆಟ್ಟೂ ಕನ್ಕಷನ್ (ಪೆಟ್ಟಿಗೆ ಮಿದುಳು ಅದುರೋದು) ಆಗೋದೇ ಇಲ್ಲ ಅಂತ ಖಾತ್ರಿ ಕೊಡಲ್ಲ. ತಲೆಬುರುಡೆ ಒಡೆಯದ ಹಾಗೆ ಕಾಯುತ್ತೆ.

ತೊಟ್ಟಾಗ ಮುಂದಿನ ಅಂಚು ಹುಬ್ಬಿನಿಂದ ಒಂದು ಬೆರಳು ಮೇಲಿರಬೇಕು. ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಹೆಲ್ಮೆಟ್ ಜೊತೆಗೇ ಜರುಗಬೇಕು. ಹೆಲ್ಮೆಟ್ ಒಂದೇ ತಿರುಗಿದರೆ ಅದು ದೊಡ್ಡದು. ಕೇಜಿನ ತಳದಲ್ಲಿರೋ ಕಪ್ ಗಲ್ಲಕ್ಕೆ ತಾಗಿಕೊಂಡು ಕೂರಬೇಕು. ಹಳೇ ಹೆಲ್ಮೆಟ್‌ಗೆ ಬೇರೆ ಕಂಪನಿ ಕೇಜ್ ಹಾಕೋ ಯೋಚನೆ ಇದ್ದರೆ ಬಿಡಿ. ಕೇಜ್ ಯಾವ ಹೆಲ್ಮೆಟ್ ಜೊತೆ ಪರೀಕ್ಷೆ ಆಗಿದೆ ಅಂತ ಅದರ ಜೊತೆ ಬರೋ ಕಾಗದದಲ್ಲಿರುತ್ತೆ, ಅದನ್ನ ಬಿಟ್ಟು ಬೇರೆಯದಕ್ಕೆ ಹಾಕಿದರೆ ಸರ್ಟಿಫಿಕೇಷನ್‌ಗೆ ಬೆಲೆ ಇಲ್ಲ. ಹೊಸ ತೂತು ಕೊರೆಯೋದು, ಪೇಂಟ್ ಹೊಡೆಯೋದು ಎರಡೂ ಕೂಡದು.

ಧಾರವಾಡ_ಡಿಫೆನ್ಸ್

ರಾಘು ಅವರು ತಲೀದು ಹೇಳ್ಯಾರ, ನಾ ಉಳಿದಿದ್ದು ಹೇಳ್ತೀನಿ.

ಪ್ಯಾಡ್ ತೊಗೊಳ್ಳೂ ಮುಂದ ಬ್ರ್ಯಾಂಡ್ ನೋಡಬ್ಯಾಡ್ರಿ, ಸಂದಿ ನೋಡ್ರಿ. ಪೆಟ್ಟು ಬೀಳೂದು ಪ್ಯಾಡ್ ಇಲ್ಲದ ಜಾಗಕ್ಕ. ಶಿನ್ ಗಾರ್ಡ್ ಮ್ಯಾಲೆ ಪ್ಯಾಂಟು ಮುಗಿಯೂ ಕಡೆ, ಎಲ್ಬೋ ಪ್ಯಾಡ್ ಮತ್ತ ಗ್ಲೌಸ್ ನಡುವ, ಎಲ್ಬೋ ಪ್ಯಾಡ್ ಮತ್ತ ಭುಜದ ಪ್ಯಾಡ್ ನಡುವ. ಈ ಮೂರು ಕಡೆ ಚರ್ಮ ಕಾಣ್ಲಿಕ್ಕೆ ಹತ್ತಿದ್ರ 300 ಡಾಲರಿನ ಪ್ಯಾಡ್ ಇದ್ದರೂ ಉಪಯೋಗ ಇಲ್ಲ.

ಶಿನ್ ಗಾರ್ಡ್ ಅಳತಿ ಹಿಂಗ ತೊಗೋರಿ. ಸ್ಕೇಟ್ಸ್ ಹಾಕ್ಕೊಂಡು ಕುರ್ಚಿ ಮ್ಯಾಲೆ ಕೂತು ಮೊಣಕಾಲು ಎಲ್ ಆಕಾರಕ್ಕ ಮಡಚ್ರಿ. ಮೊಣಕಾಲ ಚಿಪ್ಪಿನ ನಟ್ಟನಡುವಿನಿಂದ ಸ್ಕೇಟಿನ ಬೂಟು ಶುರು ಆಗೂ ತನಕ ಟೇಪ್ ಹಿಡೀರಿ. ಎಷ್ಟು ಇಂಚು ಬರ್ತದೋ ಅದ ಸೈಜು. ನಿಮ್ಮ ಎತ್ತರಕ್ಕ 14 ಇಲ್ಲಾ 15 ಬರ್ತದ. ಉದ್ದ ಆದ್ರ ಪಾದ ಮಡಚಿದಾಗೊಮ್ಮೆ ಬೂಟು ಗಾರ್ಡನ್ನ ಮ್ಯಾಲೆ ನೂಕ್ತದ, ಗಾರ್ಡಿನ ಚಿಪ್ಪು ಮೊಣಕಾಲು ಬಿಟ್ಟು ತೊಡಿಗೆ ಹೋಗ್ತದ. ಆಮ್ಯಾಲೆ ಬಿದ್ದಾಗ ಮೊಣಕಾಲು ಬರೇ ಐಸ್ ಮ್ಯಾಲೆ. ಸ್ಕೇಟಿನ ನಾಲಿಗಿ ಗಾರ್ಡ್ ಒಳಗ ಹಾಕ್ತೀರೋ ಹೊರಗ ಬಿಡ್ತೀರೋ ಅದನ್ನ ಮೊದಲ ನಿರ್ಧಾರ ಮಾಡ್ರಿ, ಅರ್ಧ ಇಂಚಿನ ವ್ಯತ್ಯಾಸ ಅಲ್ಲೇ ಬರ್ತದ.

ಪ್ಯಾಂಟು ನಿಂತಾಗ ಶಿನ್ ಗಾರ್ಡಿನ ಚಿಪ್ಪಿನ ಮ್ಯಾಲೆ ಒಂದರಿಂದ ಎರಡು ಇಂಚು ಇಳದಿರಬೇಕು. 32 ಸೊಂಟಕ್ಕ ಸೀನಿಯರ್ ಸ್ಮಾಲ್ ಇಲ್ಲಾ ಮೀಡಿಯಂ, ಹಾಕ್ಕೊಂಡ ನೋಡ್ರಿ. ಗ್ಲೌಸಿಗೆ ಮೊಣಕೈ ಒಳಗಿನ ಗೆರಿಯಿಂದ ಬೆರಳಿನ ಬುಡದ ತನಕ ಇಂಚಿನಾಗ ಅಳದ್ರ ಅದ ಸೈಜು.

ಹಳೇ ಮಾಲು ನೋಡೂದು ಹ್ಯಾಂಗ ಅಂದ್ರ, ಮೊದಲ ಇಲಾಸ್ಟಿಕ್ ಎಳದು ಬಿಡ್ರಿ. ಪಟ್ಟನೆ ವಾಪಸ್ ಬಂದ್ರ ಛಲೋ. ಜೋತು ಬಿದ್ರ ಎಲ್ಬೋ ಪ್ಯಾಡ್ ಆಡೂ ಮುಂದ ಜಾರಿ ಮುಂಗೈಗೆ ಬರ್ತದ, ಅದು ಬ್ಯಾಡ. ವೆಲ್ಕ್ರೋದಾಗ ನೂಲು, ಕೂದಲು ತುಂಬಿದ್ರ ಅಂಜಬ್ಯಾಡ್ರಿ, ಹಳೇ ಬಾಚಣಿಗಿಯಿಂದ ಎಳದ್ರ ಹೋಗ್ತದ. ಪ್ಯಾಂಟಿನ ತೊಡೀ ಮ್ಯಾಲಿನ ಪ್ಲಾಸ್ಟಿಕ್ ಎರಡೂ ಕೈಯಿಂದ ಬಗ್ಗಿಸಿ ನೋಡ್ರಿ, ಕಟ್ ಅಂತ ಸಪ್ಪಳ ಬಂದ್ರ ಒಳಗ ಸೀಳ್ಯದ. ಬಾಲಮೂಳಿ ಹತ್ತಿರದ ಪ್ಯಾಡ್ ಕೈಯಿಂದ ತಡವಿ ನೋಡ್ರಿ, ಅದು ಹೊಲಿಗಿ ಬಿಚ್ಚಿ ಕೆಳಗ ಜಾರಿರೂದು ಭಾಳ ಸಲ ಇರ್ತದ. ಗ್ಲೌಸಿನ ಅಂಗೈ ಬೆಳಕಿಗೆ ಹಿಡೀರಿ, ತೂತು ಇದ್ರ ಬ್ಯಾಡ. ಅಂಗೈ ಹೊಸದಾಗಿ ಹೊಲಿಸೂ ರೊಕ್ಕಕ್ಕ ಇನ್ನೊಂದು ಹಳೇ ಜೋಡಿ ಬರ್ತದ.

ಶೋಲ್ಡರ್ ಪ್ಯಾಡ್ ಬಿಡಬ್ಯಾಡ್ರಿ. ಚೆಕಿಂಗ್ ಇಲ್ಲಂದ್ರೂ ಬೋರ್ಡ್ (ರಿಂಕಿನ ಸುತ್ತಲಿನ ಗ್ವಾಡಿ) ಅಲ್ಲೇ ಅದ. ಹೊಸಬರಿಗೆ ನಿಲ್ಲೂದು ಬರಂಗಿಲ್ಲ, ಸೀದಾ ಹೋಗಿ ಭುಜ ಬೋರ್ಡಿಗೆ ಬಡೀತಾರ. ಕಾಲರ್‌ಬೋನ್ ಮುರಿಯೂದು ಹಿಂಗ. ತೆಳ್ಳಂದು ಸಾಕು, 20 ಡಾಲರಿಗೆ ಹಳೇದು ಸಿಗ್ತದ.

ಸಿಂಧು_ಕ್ಯಾಲ್ಗರಿ

ಕಡಿಮೆ ಎತ್ತರದವರಿಗೆ ಹಣ ಉಳಿಸೋ ಒಂದು ದಾರಿ ಇದೆ: ಜೂನಿಯರ್ ಲಾರ್ಜ್ ಹಾಕಿ ನೋಡಿ. ಸೀನಿಯರ್ ಸ್ಮಾಲ್‌ಗೂ ಅದಕ್ಕೂ ಅಳತೆ ಹತ್ತಿರ, ಬೆಲೆ ಕಡಿಮೆ. ಇಲ್ಲಿ ಮಕ್ಕಳು ವರ್ಷಕ್ಕೊಂದು ಸೈಜ್ ಬೆಳೆಯೋದರಿಂದ ಹಳೇ ಜೂನಿಯರ್ ಸಾಮಾನು ಹೆಚ್ಚು ಸವೆಯೋ ಮುಂಚೆನೇ ಮಾರಾಟಕ್ಕೆ ಬರುತ್ತೆ. ಎಲ್ಬೋ ಪ್ಯಾಡ್, ಶೋಲ್ಡರ್ ಪ್ಯಾಡ್‌ಗೆ ಇದು ಚೆನ್ನಾಗಿ ಹೊಂದುತ್ತೆ. ಪ್ಯಾಂಟಿಗೆ ಮಾತ್ರ ಹುಷಾರು, ಸೊಂಟ ಸರಿಹೋದರೂ ಉದ್ದ ಸಾಲದೆ ಮೊಣಕಾಲಿನ ಮೇಲೆ ಸಂದಿ ಬೀಳಬಹುದು. ಹೆಣ್ಣುಮಕ್ಕಳು ಓದ್ತಿದ್ದರೆ: ಜಾಕ್ ಬದಲು ಜಿಲ್ (ಹೆಂಗಸರ ಗಾರ್ಡ್) ಕೇಳಿ. ಶೋಲ್ಡರ್ ಪ್ಯಾಡ್ ಹೆಂಗಸರ ಕಟ್ ಇರೋದೇ ಆಗಬೇಕು, ಗಂಡಸರದ್ದು ಎದೆ ಮೇಲೆ ಒತ್ತಿ ಗಂಟಲ ಕಡೆಗೆ ಏರುತ್ತೆ.

ಇನ್ನು ನೆಕ್ ಗಾರ್ಡ್. ದೊಡ್ಡವರ ಲೀಗ್‌ಗಳಲ್ಲಿ ಎಷ್ಟೋ ಕಡೆ ಇದನ್ನ ಕಡ್ಡಾಯ ಮಾಡಿಲ್ಲ, ಅದಕ್ಕೇ ಜನ ಬಿಟ್ಟುಬಿಡ್ತಾರೆ. ದಯವಿಟ್ಟು ಬಿಡಬೇಡಿ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಂದ್ಯದ ನಡುವೆ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ತಂಡದ ಆ್ಯಡಮ್ ಜಾನ್ಸನ್ ಕುತ್ತಿಗೆಗೆ ಸ್ಕೇಟ್ ಬ್ಲೇಡ್ ತಾಗಿ ತೀರಿಕೊಂಡರು. ಅದಾದ ಮೇಲೆ ಇಂಗ್ಲಿಷ್ ಐಸ್ ಹಾಕಿ ಅಸೋಸಿಯೇಷನ್ 2024ರ ಜನವರಿ 1ರಿಂದ ತನ್ನ ವ್ಯಾಪ್ತಿಯ ಆಟಗಳಲ್ಲಿ ನೆಕ್ ಗಾರ್ಡ್ ಕಡ್ಡಾಯ ಮಾಡಿತು. ಜಾನ್ಸನ್ ವೃತ್ತಿಪರ ಆಟಗಾರ. ಬಿಗಿನರ್ ಲೀಗ್‌ನಲ್ಲಿ ಬೀಳುವಾಗ ಕಾಲು ಯಾವ ಕಡೆ ಎದ್ದು ಬರುತ್ತೆ ಅಂತ ಬೀಳೋರಿಗೇ ಗೊತ್ತಿರಲ್ಲ.

ಕ್ವಿಬೆಕ್‌ನ ಮಾನದಂಡ ಸಂಸ್ಥೆ ಬಿಎನ್‌ಕ್ಯೂ ಗುರುತು ಇರೋದನ್ನೇ ತಗೊಳ್ಳಿ, 20ರಿಂದ 30 ಡಾಲರ್. ಎರಡು ಬಗೆ ಇದೆ: ಬರೀ ಕಾಲರ್, ಮತ್ತೆ ಎದೆಯ ಮೇಲೂ ಇಳಿಯೋ ಬಿಬ್. ಬಿಬ್ ನನಗೆ ಹೆಚ್ಚು ಸರಿ ಅನ್ನಿಸುತ್ತೆ, ಕಾಲರ್ ಮತ್ತು ಶೋಲ್ಡರ್ ಪ್ಯಾಡ್ ನಡುವೆ ಉಳಿಯೋ ಜಾಗ ಅದರಿಂದ ಮುಚ್ಚುತ್ತೆ. ಬಿಬ್ಬನ್ನ ಶೋಲ್ಡರ್ ಪ್ಯಾಡಿನ ಒಳಗೆ ಸಿಕ್ಕಿಸಬೇಕು. ಹಿಂದಿನ ವೆಲ್ಕ್ರೋ ಹಾಕಿದ ಮೇಲೆ ಒಂದು ಬೆರಳು ತೂರುವಷ್ಟು ಸಡಿಲ ಸಾಕು. ಇದು ತಡೆಯೋದು ಕೊಯ್ತವನ್ನ ಮಾತ್ರ. ತಲೆ ತಗ್ಗಿಸಿ ಬೋರ್ಡಿಗೆ ಗುದ್ದಿದರೆ ಕುತ್ತಿಗೆ ಮೂಳೆಗೆ ಇದರಿಂದ ರಕ್ಷಣೆ ಇಲ್ಲ. ದುಡ್ಡು ಉಳಿದರೆ ಮೀನಖಂಡದವರೆಗೆ ಬರೋ ಕಟ್ ರೆಸಿಸ್ಟೆಂಟ್ ಸಾಕ್ಸ್ ಒಂದು ಜೊತೆ. ಹಿಮ್ಮಡಿ ಮೇಲಿನ ಸ್ನಾಯುರಜ್ಜು ಕಾಯೋಕೆ ಬೂಟಿನ ಹಿಂದಿನ ಪಟ್ಟಿ ಒಂದೇ ಸಾಲದು.

ಹರ್ಷ_ಮಿಸ್ಸಿಸಾಗಾ

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ, ತುಂಬಾ ಧನ್ಯವಾದ. ಎರಡು ಸಣ್ಣ ಅನುಮಾನ. ಕೇಜ್ ಬದಲು ಅರ್ಧ ವೈಸರ್ (ಕಣ್ಣಿನ ಮುಂದೆ ಬರೋ ಪಾರದರ್ಶಕ ಪ್ಲಾಸ್ಟಿಕ್) ತಗೊಂಡರೆ ಕಾಣೋದು ಚೆನ್ನಾಗಿರುತ್ತೆ ಅಂತಾರಲ್ಲ? ಇನ್ನೊಂದು, ನಾವಿರೋದು ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಈ ಸಾಮಾನಿನ ವಾಸನೆಗೆ ಏನು ಮಾಡ್ತೀರಿ?

ರಿಂಕ್_ರಾಘು

ವೈಸರ್ ಕಣ್ಣು ಕಾಯುತ್ತೆ, ಹಲ್ಲು ಮತ್ತು ದವಡೆ ಕಾಯಲ್ಲ. ಹೊಸಬರ ಆಟದಲ್ಲಿ ಸ್ಟಿಕ್ ಎಲ್ಲರ ಕೈಯಲ್ಲೂ ಎತ್ತರಕ್ಕೆ ಏಳುತ್ತೆ. ಅದಲ್ಲದೆ ವೈಸರ್ ಮಂಜಾಗುತ್ತೆ, ಗೀರು ಬೀಳುತ್ತೆ, ಕೇಜ್‌ಗೆ ಎರಡೂ ಇಲ್ಲ. ಕಂಬಿಗಳು ಅಡ್ಡ ಅನ್ನಿಸೋದು ಮೊದಲ ಕೆಲವು ಆಟ ಮಾತ್ರ, ಆಮೇಲೆ ಕಣ್ಣು ಅದನ್ನ ಗಮನಿಸೋದೇ ಬಿಡುತ್ತೆ.

ಲೆಕ್ಕ ಹಾಕಿ ನೋಡಿ. ಹೆಲ್ಮೆಟ್ ಕಾಂಬೋ 120, ಜಾಕ್ 35, ನೆಕ್ ಗಾರ್ಡ್ 25, ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಕೂರಿಸೋ ಮೌತ್ ಗಾರ್ಡ್ 10. ಒಟ್ಟು 190, ಒಂಟಾರಿಯೊದ 13% ತೆರಿಗೆ ಸೇರಿ ಸುಮಾರು 215. ಹಳೇದರಲ್ಲಿ ಶಿನ್ 25, ಎಲ್ಬೋ 15, ಶೋಲ್ಡರ್ 20, ಪ್ಯಾಂಟ್ 30, ಗ್ಲೌಸ್ 30, ಅಂದ್ರೆ 120. ಕಿಜಿಜಿ ಅನ್ನೋ ಜಾಹೀರಾತು ವೆಬ್‌ಸೈಟಿನಲ್ಲಿ ನೇರವಾಗಿ ಜನರಿಂದ ತಗೊಂಡರೆ ತೆರಿಗೆ ಬೀಳಲ್ಲ. ಪ್ಲೇ ಇಟ್ ಅಗೇನ್ ಸ್ಪೋರ್ಟ್ಸ್ ಥರದ ಅಂಗಡೀಲಿ ಸ್ವಲ್ಪ ಹೆಚ್ಚಾದರೂ ಹಾಕಿ ನೋಡಬಹುದು. ಉಳಿದ 65ರಲ್ಲಿ ಬ್ಯಾಗು, ಸಾಕ್ಸ್, ಜರ್ಸಿ, ಶಿನ್ ಗಾರ್ಡ್ ಸುತ್ತೋ ಪಾರದರ್ಶಕ ಟೇಪು. ಆಗಸ್ಟ್ ಕೊನೆಗೆ ಎಲ್ಲರೂ ಹುಡುಕೋಕೆ ಶುರು ಮಾಡ್ತಾರೆ, ಅದಕ್ಕೆ ಮುಂಚೆ ಮುಗಿಸಿ.

ಧಾರವಾಡ_ಡಿಫೆನ್ಸ್

ವಾಸನಿ ಬರೂದು ಬೆವರಿನಿಂದಲ್ಲ, ಹಸಿ ಹಸಿ ಬ್ಯಾಗಿನಾಗ ಬಿಟ್ಟಾಗ ಬೆಳೆಯೂ ಬ್ಯಾಕ್ಟೀರಿಯಾದಿಂದ. ಮನಿಗೆ ಬಂದ ಕೂಡಲೇ ಎಲ್ಲಾ ಹೊರಗ ತಗೀರಿ. ಅರಿವಿ ಒಣಗಿಸೂ ಮಡಚೂ ಸ್ಟ್ಯಾಂಡ್ ಬಾಲ್ಕನಿ ಬಾಗಲದ ಹತ್ತಿರ ಇಟ್ಟು, ಸಣ್ಣ ಟೇಬಲ್ ಫ್ಯಾನ್ ಹಚ್ರಿ. ಗ್ಲೌಸ್ ಬೆರಳು ಕೆಳಗ ಮಾಡಿ ಇಡಬ್ಯಾಡ್ರಿ, ನೀರು ತುದಿಗೆ ಇಳದು ಅಲ್ಲೇ ನಿಲ್ತದ. ಬಾಯಿ ಗಾಳಿಗೆ ತಿರುಗಿಸಿ ಇಡ್ರಿ. ಚಳಿಗಾಲದಾಗ ಕಾರಿನ ಡಿಕ್ಕಿಯಾಗ ಬಿಟ್ರ ಹೆಪ್ಪುಗಟ್ತದ ಹೊರತು ಒಣಗಂಗಿಲ್ಲ.

ತಿಂಗಳಿಗೊಮ್ಮೆ ಫ್ರಂಟ್ ಲೋಡ್ ಮಷೀನಿನಾಗ ತಣ್ಣೀರು, ಕಮ್ಮಿ ಸೋಪು, ವೆಲ್ಕ್ರೋ ಎಲ್ಲಾ ಮುಚ್ಚಿ ಹಾಕ್ರಿ. ನಡುವ ಕಂಬ ಇರೂ ಟಾಪ್ ಲೋಡ್ ಬ್ಯಾಡ, ಪಟ್ಟಿ ಸುತ್ತಿಕೊಂಡು ಹರೀತಾವ. ಡ್ರೈಯರ್‌ಗೆ ಹಾಕಬ್ಯಾಡ್ರಿ, ಫೋಮ್ ಸುಕ್ಕಾಗ್ತದ. ಹೆಲ್ಮೆಟ್ ಮಷೀನಿಗೆ ಇಲ್ಲ, ಸೋಪಿನ ನೀರಾಗ ಅದ್ದಿದ ಬಟ್ಟಿಯಿಂದ ಒರಸ್ರಿ. ಸ್ಕ್ರೂ ಸಡಿಲ ಆಗ್ಯಾವೇನು ಅಂತ ಆವಾಗ್ಲೇ ನೋಡ್ರಿ, ಆದ್ರ ಭಾಳ ಬಿಗಿ ಮಾಡಬ್ಯಾಡ್ರಿ, ತೂತಿನ ಸುತ್ತ ಶೆಲ್ ಸೀಳ್ತದ.

ಮೊದಲ ಆಟದ ಹಿಂದಿನ ದಿನ ಮನಿಯಾಗ ಒಮ್ಮೆ ಎಲ್ಲಾ ಹಾಕ್ಕೊಂಡು ನೋಡ್ರಿ. ಜಾಕ್, ಶಿನ್, ಸಾಕ್ಸ್, ಪ್ಯಾಂಟು, ಸ್ಕೇಟ್ಸು, ಆಮ್ಯಾಲೆ ಕುತ್ತಿಗೀದು, ಭುಜ, ಮೊಣಕೈ, ಜರ್ಸಿ, ಹೆಲ್ಮೆಟ್, ಕಡೀಗೆ ಗ್ಲೌಸ್. ಭುಜದ್ದು ಮೊದಲ ಹಾಕಿದ್ರ ಬಗ್ಗಿ ಸ್ಕೇಟಿನ ಲೇಸ್ ಎಳೀಲಿಕ್ಕೆ ಆಗಂಗಿಲ್ಲ. ಬ್ಲೇಡಿಗೆ ಗಾರ್ಡ್ ಹಾಕಿ ಚಾಪಿ ಮ್ಯಾಲೆ ಮೊಣಕಾಲೂರಿ ಕೂಡ್ರಿ, ಎರಡೂ ಕೈ ಮ್ಯಾಲೆತ್ರಿ. ಎಲ್ಲೆ ಸಂದಿ ಕಾಣ್ತದೋ ಅದರ ಫೋಟೋ ಇಲ್ಲೆ ಹಾಕ್ರಿ, ಯಾವ ಪಟ್ಟಿ ಎಷ್ಟು ಎಳೀಬೇಕು ಅಂತ ಹೇಳ್ತೀನಿ.