‘ಮಂಪರು’, ‘ಬಿಪಿ ಇಳಿಯುವುದು’: ತಿಳಿವಳಿಕೆ ಪತ್ರಕ್ಕೆ ಒಪ್ಪುವ ಮಾತು ಯಾವುದು?

ಮಾನ್ಯರೆ,

ರೋಗಿಯನ್ನು ಎಚ್ಚರವಾಗಿಟ್ಟು, ಮಾತನಾಡಿಸುತ್ತಲೇ ಮಿದುಳಿನ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಮಂಗಳೂರು, ಉಡುಪಿಯ ಮನೆಮಂದಿ ಓದಿ ತಿಳಿಯಬಹುದಾದ ಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಎರಡು ಪದಗಳ ವಿಚಾರದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಸೆಡೇಶನ್’, ಅಂದರೆ ಮದ್ದು ಕೊಟ್ಟು ರೋಗಿಯನ್ನು ಶಾಂತವಾಗಿ ಅರೆನಿದ್ದೆಯಲ್ಲಿ ಇರಿಸುವುದು. ನೆತ್ತಿಯ ಚರ್ಮವನ್ನು ಚುಚ್ಚುಮದ್ದಿನಿಂದ ಮರಗಟ್ಟಿಸಿ, ಬುರುಡೆ ತೆರೆಯುವವರೆಗೆ ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮದ್ದು ಕೊಟ್ಟು, ಆಮೇಲೆ ಚಿತ್ರ ತೋರಿಸಿ ಹೆಸರು ಹೇಳಿಸುವ ಹೊತ್ತಿಗೆ ರೋಗಿ ಚೆನ್ನಾಗಿ ಎಚ್ಚೆತ್ತಿರಬೇಕಾದ ಈ ಕ್ರಮಕ್ಕೆ, ಅರಿವೇ ಅಳಿಯುವುದೆಂಬ ಅರ್ಥದ ‘ಅರಿವಳಿಕೆ’ ಹೊಂದುವುದಿಲ್ಲ. ‘ಶಾಮಕ’ ಯಾರ ಬಾಯಲ್ಲೂ ಇಲ್ಲ. ‘ಅಮಲು’ ಎಂದರೆ ಕುಡಿತ ನೆನಪಾಗುತ್ತದೆ. ಕರೆದರೆ ಓಗೊಡುವಷ್ಟು ಎಚ್ಚರ ಉಳಿದಿರುವ ಸ್ಥಿತಿಗೆ ‘ಮಂಪರು’ ಸಾಕೆಂದು ನನ್ನ ಅಭಿಪ್ರಾಯ.

ಎರಡನೆಯದು, ರಕ್ತದೊತ್ತಡ ತಗ್ಗುವುದನ್ನು ಹೇಳುವ ಮಾತು, ಹೆಚ್ಚು ತೊಡಕಿನದು. ನಮ್ಮಲ್ಲಿ ‘ಅವರಿಗೆ ಬಿಪಿ ಉಂಟು’ ಎಂದರೆ ರಕ್ತದೊತ್ತಡ ಹೆಚ್ಚಿದೆ ಎಂದೇ ಅರ್ಥ. ಹಾಗಾಗಿ ‘ಮಂಪರಿನ ಮದ್ದಿನಿಂದ ಬಿಪಿ ತೊಂದರೆ ಬರಬಹುದು’ ಎಂದು ಬರೆದರೆ, ‘ನನಗೆ ಬಿಪಿ ಇಲ್ಲವಲ್ಲ’ ಎಂದುಕೊಂಡು ಓದುಗರು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಪ್ರೊಪೊಫಾಲ್ ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ತಗ್ಗಿಸುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಹೃದಯದ ಬಡಿತವನ್ನು ನಿಧಾನಗೊಳಿಸಿ ಒತ್ತಡವನ್ನು ಇಳಿಸುತ್ತದೆಯಾದರೂ, ಮೊದಲ ಡೋಸನ್ನು ವೇಗವಾಗಿ ಕೊಟ್ಟರೆ ನಾಳಗಳು ಬಿಗಿದು ಸ್ವಲ್ಪ ಹೊತ್ತು ಒತ್ತಡ ಏರುವುದೂ ಉಂಟು. ಮಂಪರು ತಿಳಿಯಾಗುವಾಗ ನೋವು, ಗಾಬರಿ, ತುಂಬಿದ ಮೂತ್ರಕೋಶ ಇವೂ ಒತ್ತಡವನ್ನು ಏರಿಸುತ್ತವೆ. ತೀರಾ ತಗ್ಗಿದರೆ ಮಿದುಳಿಗೆ ರಕ್ತ ಸಾಲದೆ ಹೋಗಬಹುದು. ತೀರಾ ಏರಿದರೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವ ಜಾಗದಲ್ಲೇ ರಕ್ತಸ್ರಾವವಾಗಬಹುದು. ಮಣಿಕಟ್ಟಿನ ಅಪಧಮನಿಯೊಳಗೆ ತೆಳುವಾದ ಕೊಳವೆ ಇರಿಸಿ, ಒಂದೊಂದು ಬಡಿತಕ್ಕೂ ಒತ್ತಡವನ್ನು ಅಳೆಯುತ್ತಿರುವುದು ಈ ಕಾರಣಕ್ಕೆ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿದರೆ, ಆ ಕೊಳವೆ ಕಂಡಾಗ ಭಯಪಡುವುದಿಲ್ಲ.

‘ಏರಿಳಿತ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅಪಾಯದ ತೂಕ ತಿಳಿಯದು. ‘ಬಿಪಿ ಇಳಿಯಬಹುದು’ ಎಂದರೆ ನಿತ್ಯ ಬಿಪಿ ಮಾತ್ರೆ ನುಂಗುವವರಿಗೆ ಅದು ಒಳ್ಳೆಯ ಸುದ್ದಿಯಾಗಿಯೇ ಕೇಳಿಸುತ್ತದೆ. ‘ಕುಸಿಯಬಹುದು’ ಎಂದು ಬರೆದರೆ ಅರ್ಥ ಸ್ಪಷ್ಟ, ಆದರೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಓದುವವರಿಗೆ ಎದೆ ಧಸಕ್ಕೆನ್ನುತ್ತದೆ. ‘ಬಿಪಿ ಬೇಕಾದ್ದಕ್ಕಿಂತ ಕಡಿಮೆಯಾಗಬಹುದು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಆಡುಮಾತಿಗೆ ಹತ್ತಿರವಾಗಿ ಹೇಳುವ ಬಗೆ ಇದೆಯೇ? ಬಾಯಲ್ಲಿ ಎಲ್ಲರೂ ಆಡುವ ‘ಬಿಪಿ ಲೋ ಆಗುವುದು’ ಎಂಬ ಮಾತನ್ನು ಮುದ್ರಿತ ಪತ್ರದಲ್ಲಿ ಬಳಸಲು ಯಾರದಾದರೂ ಆಕ್ಷೇಪವಿದೆಯೇ?