ಗೇಮ್‌ನಾಗ ವರ್ಷಪೂರ್ತಿ ಒಂದೇ ಹವಾ: ಗೋಡೋ 4ರಾಗ ಋತು ತರೋದು ಹೆಂಗ?

ಗುಡ್ಡದ_ಪಿಕ್ಸೆಲ್ (ಕೊಪ್ಪಳ)
ಆನೆಗುಂದಿ, ಗಂಗಾವತಿ ಸೀಮಿ ಇಟ್ಕೊಂಡು ಗೋಡೋ 4 (ಗೇಮ್ ಕಟ್ಟೋ ಸಾಫ್ಟ್‌ವೇರ್) ಒಳಗ ಸಣ್ಣದೊಂದು ಓಪನ್ ವರ್ಲ್ಡ್ ಗೇಮ್ ಮಾಡಾಕತ್ತೀನಿ. ಹಗಲು-ರಾತ್ರಿ ತಿರುಗತಾವ, ಮಳಿನೂ ಬರತೈತಿ, ಆದ್ರ ನೆಲ ಮಾತ್ರ ಸದಾ ಆಗಸ್ಟ್ ತಿಂಗಳದ್ದು. ಸ್ಕೈರಿಮ್ ಗೇಮ್‌ನಾಗೂ ಇದೇ ಹಣೆಬರಹ: ತಿಂಗಳ ಹೆಸರು ಬದಲಾಗತೈತಿ, ಗಿಡ ಬದಲಾಗಂಗಿಲ್ಲ. ಋತುವಿಗೊಂದು ಮ್ಯಾಪ್ ಮಾಡದ ದಾರಿ ಐತೇನ್ರಿ? ಲೈಟ್‌ಮ್ಯಾಪ್ ಬೇಕ್ ಆಗೇತಿ, ಅಂದ್ರ ಬೆಳಕಿನ ಲೆಕ್ಕ ಮೊದಲ ಮಾಡಿ ಚಿತ್ರದಾಗ ಉಳಿಸಿಟ್ಟೀನಿ.

ಶೇಡರ್_ಸಿಂಧನೂರು
ಆ ಬೇಕ್ ಮೊದಲನೇ ಅಡ್ಡಿ. ಹಸಿರು ನೆಲದಿಂದ ಪುಟಿದ ಬೆಳಕೂ ಲೈಟ್‌ಮ್ಯಾಪ್‌ನಲ್ಲಿ ಕೂತಿರ್ತದೆ. ನೆಲ ಕಂದು ಮಾಡಿದರೂ ಬಂಡೆಗಳ ಬುಡ ಹಸಿರಾಗೇ ಕಾಣ್ತದೆ. ನೆಲಕ್ಕೆ ತಾತ್ಕಾಲಿಕವಾಗಿ ಬೂದು ಮಟೀರಿಯಲ್ ಹಾಕಿ ಮತ್ತೆ ಬೇಕ್ ಮಾಡಿ.

ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ 'ತಿಂಗಳು' ಅಂತ ಒಂದು ಗ್ಲೋಬಲ್ ಶೇಡರ್ ಯೂನಿಫಾರ್ಮ್ ಮಾಡಿ (ಬಣ್ಣ ಹಚ್ಚೋ ಪ್ರೋಗ್ರಾಮ್‌ಗಳಾದ ಶೇಡರ್‌ಗಳೆಲ್ಲ ಓದೋ ಒಂದೇ ಸಂಖ್ಯೆ), 0ರಿಂದ 12. ಪ್ರತಿ ಫ್ರೇಮಿಗೆ ಬೇಡ, ಗೇಮಿನ ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಒಣ, ಹಸಿ ನೆಲದ ಎರಡು ಟೆಕ್ಸ್ಚರ್ (ಮೇಲ್ಮೈ ಚಿತ್ರ) ಸುಮ್ಮನೆ ಮಿಕ್ಸ್ ಮಾಡಿದರೆ ಇಡೀ ಗುಡ್ಡ ಒಂದೇ ಸಲ ಬಣ್ಣ ಬದಲಿಸ್ತದೆ, ನೋಡೋಕಾಗಲ್ಲ. ನಾಯ್ಸ್ ಟೆಕ್ಸ್ಚರ್ (ಅಡ್ಡಾದಿಡ್ಡಿ ಕಲೆಗಳ ಚಿತ್ರ) ಸೇರಿಸಿ ಸ್ಮೂತ್‌ಸ್ಟೆಪ್ (0ರಿಂದ 1ಕ್ಕೆ ನುಣುಪಾಗಿ ಏರಿಸೋ ಫಂಕ್ಷನ್) ಹಾಕಿ, ಅಂಚು 0.1 ಇರಲಿ, ಹಸಿರು ತುಣುಕುತುಣುಕಾಗಿ ಹಬ್ಬುತ್ತದೆ.

ಮಳೆಯ ತೇವಕ್ಕೆ ಬೇರೆ ಯೂನಿಫಾರ್ಮ್. ಆಲ್ಬೆಡೊ (ಮೂಲ ಬಣ್ಣ) 0.6ರಿಂದ ಗುಣಿಸಿ, ರಫ್‌ನೆಸ್ (ಒರಟುತನ; ಕಮ್ಮಿಯಾದಷ್ಟೂ ಹೊಳಪು) 0.9ರಿಂದ 0.3ಕ್ಕೆ ಇಳಿಸಿ. ನೆನೆಯೋದು ಬೇಗ, ಆರೋದು ನಿಧಾನ.

ಎರಿಹೊಲ_ರಾಯಚೂರು
ತಿಂಗಳು ಒಂದೇ ಇರ್ಲಿ, ಆದ್ರ ಎಲ್ಲಾ ನೆಲ ಅದನ್ನ ಒಂದೇ ರೀತಿ ಓದಬಾರದು. ನಿಮ್ಮ ಗುಡ್ಡದ ಹುಲ್ಲು ಮುಂಗಾರಿಗೆ ಚಿಗುರ್ತದ, ಮಳಿ ನಿಂತ ಮ್ಯಾಲ ಒಣಗ್ತದ. ಎರಿ (ಕಪ್ಪು ಮಣ್ಣು) ಹೊಲದೊಳಗ ಹಿಂಗಾರಿ ಜೋಳ ಹಸರಾಗೋದೇ ಆವಾಗ. ಕಾಲುವಿ ಭತ್ತದ್ದು ಇನ್ನೊಂದು ಲೆಕ್ಕ: ಎರಡನೇ ಬೆಳಿಗೆ ನೀರು ಬಿಟ್ರ ಬ್ಯಾಸಗಿ ಮುಂದೂ ಗದ್ದಿ ಹಸರ. ಹಂಗಾಗಿ ಮೂರು ಕರ್ವ್ ಟೆಕ್ಸ್ಚರ್ (ಯಾವ ತಿಂಗಳು ಎಷ್ಟು ಹಸರ ಅಂತ ತೋರ್ಸೋ ಗೆರಿ) ಮಾಡ್ರಿ. ಪ್ರತಿ ಕರ್ವಿನ ಎರಡೂ ತುದಿ ಒಂದೇ ಅಂಕಿಗೆ ಇರ್ಬೇಕು, ಇಲ್ಲಂದ್ರ ಡಿಸೆಂಬರ್ ದಾಟಿದ ರಾತ್ರಿ ಹೊಲ ಟಕ್ಕಂತ ಬದಲಾಗ್ತದ. ಸ್ಟಾರ್ಡ್ಯೂ ವ್ಯಾಲಿ ಗೇಮಿನ 28 ದಿನದ ನಾಲ್ಕು ಋತು ಇಲ್ಲಿಗೆ ತರಬ್ಯಾಡ್ರಿ. ಕೆಂಪೆಲಿ ಉದುರೋ ಕಾಲ ನಮ್ಮಲ್ಲಿ ಎಲ್ಲಿ ಅದ?

ಬ್ಯಾಸಗಿ ಎರಿಗೆ ಬಿರುಕಿನ ನಾರ್ಮಲ್ ಮ್ಯಾಪ್ (ಉಬ್ಬು-ತಗ್ಗು ಕಾಣಿಸೋ ಚಿತ್ರ) ಮಾತ್ರ ಮರೀಬ್ಯಾಡ್ರಿ.

ಹಿನ್ನೀರು
ತುಂಗಭದ್ರಾ ಡ್ಯಾಂ ಮ್ಯಾಪಿನೊಳಗೆ ಇದ್ದರೆ ನೀರಿನ ಮಟ್ಟವನ್ನೂ ಕರ್ವ್‌ಗೆ ಕಟ್ಟಿ. ತುಂಬಿದಾಗ 1633 ಅಡಿ. ಬೇಸಿಗೆಯಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ, ಹಾಗಾಗಿ ನೀರಿನಡಿಯ ನೆಲವನ್ನೂ ಕೆತ್ತಿರಬೇಕು. ಆ ಪಟ್ಟಿಗೆ ನ್ಯಾವಿಗೇಷನ್ ರೀಜನ್ (ಗೇಮಿನ ಪಾತ್ರಗಳು ನಡೆಯಬಹುದಾದ ಜಾಗ) ಬೇರೆ ಮಾಡಿ, ನೀರು ಏರಿದಾಗ ಆಫ್ ಮಾಡಿ. ಇಲ್ಲದಿದ್ದರೆ ಕುರಿ ಕಾಯುವವರು ಆಗಸ್ಟಿನಲ್ಲೂ ನೀರಿನಡಿಯೇ ನಡೀತಿರ್ತಾರೆ.