ಮರ ಕಡಿಸಿದ್ದಾಯ್ತು, ಬೊಡ್ಡೆ ಹಾಗೇ ಇದೆ. ತೆಗೆಸಿದವರು ಅನುಭವ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಮನೆ ಹತ್ರ ಎರಡು ಮರ ಕಡಿಸಿದ್ವಿ, ಒಂದು ಬೇವು ಒಂದು ತೆಂಗು. ಕಡಿದವರು ದಿಮ್ಮಿ ತುಂಬ್ಕೊಂಡು ಹೋದ್ರು, ಬೊಡ್ಡೆ ಎರಡೂ ನೆಲದಲ್ಲೇ ಬಿಟ್ರು. ಬೇವಿಂದು ಕಾಂಪೌಂಡ್ ಗೋಡೆ ಪಕ್ಕದಲ್ಲೇ ಇದೆ, ಈಗ್ಲೇ ಸುತ್ತ ಚಿಗುರು ಬರ್ತಿದೆ. ತೆಂಗಿನ ಬೊಡ್ಡೆ ಇರೋ ಜಾಗದಲ್ಲಿ ಕಾರ್ ನಿಲ್ಲಿಸೋಕೆ ಕಾಂಕ್ರೀಟ್ ಹಾಕಿಸ್ಬೇಕು. ಇದರ ಜೊತೆ ನಮ್ಮ ಯಜಮಾನ್ರು ನೋಡ್ಕೊಳ್ಳೋ ಅಂಗಡಿ ಕಾಂಪ್ಲೆಕ್ಸ್ ಮುಂದೆ ಹಳೇ ಬೊಡ್ಡೆಗಳು ಸಾಲಾಗಿವೆ, ಬಂದೋರು ಎಡವುತ್ತಾರೆ. ಒಬ್ರು ಉಪ್ಪು ಸುರೀರಿ ಅಂತಾರೆ, ಒಬ್ರು ಸುಟ್ಟುಬಿಡಿ ಅಂತಾರೆ, ಇನ್ನೊಬ್ರು ಜೆಸಿಬಿ ಕರೆಸಿ ಅಂತಾರೆ. ಮಾಡಿಸಿದವರು ದಯವಿಟ್ಟು ಹೇಳಿ.

—

ಮೇಡಂ, ಯಾವ ವಿಧಾನ ಅನ್ನೋದಕ್ಕಿಂತ ಮೊದಲು ಆ ಜಾಗದಲ್ಲಿ ಮುಂದೆ ಏನ್ ಬರತ್ತೆ ಅಂತ ತೀರ್ಮಾನ ಮಾಡ್ಕೊಳ್ಳಿ. ನಾನು ಈ ಕೆಲಸದಲ್ಲೇ ಇರೋನು, ಜನ ಈ ಪ್ರಶ್ನೆ ಬಿಟ್ಟು ಬಾಕಿ ಎಲ್ಲ ಕೇಳ್ತಾರೆ. ಬರೀ ಹುಲ್ಲು ಅಥವಾ ಹೂಗಿಡ ಬರತ್ತೆ ಅಂದ್ರೆ ಗ್ರೈಂಡಿಂಗ್ ಸಾಕು. ಮೇಲೆ ಕಾಂಕ್ರೀಟು, ಟೈಲ್ಸು, ಗೋಡೆ, ಯಾವುದೇ ಭಾರ ಬರತ್ತೆ ಅಂದ್ರೆ ಬೊಡ್ಡೆನೂ ದಪ್ಪ ಬೇರೂ ಪೂರ್ತಿ ಆಚೆ ಬರಲೇಬೇಕು. ಏನೂ ಬರಲ್ಲ, ಮೂಲೇಲಿ ಇರತ್ತೆ, ಯಾರ ಕಾಲಿಗೂ ಸಿಗಲ್ಲ ಅಂದ್ರೆ ನೆಲಮಟ್ಟಕ್ಕೆ ಕೊಯ್ಸಿ ಕೊಳೆಯೋಕೆ ಬಿಟ್ರೂ ನಡಿಯತ್ತೆ, ಆದ್ರೆ ಗಟ್ಟಿ ಮರ ಆದ್ರೆ ವರ್ಷಗಟ್ಟಲೆ ಹಿಡಿಯತ್ತೆ.

ಗ್ರೈಂಡರ್ ಅಂದ್ರೆ ಏನು ಅಂತ ನೋಡದೇ ಇರೋರಿಗೆ ಹೇಳ್ತೀನಿ. ಒಂದು ದಪ್ಪ ಚಕ್ರ, ಅದರ ಸುತ್ತ ಕಾರ್ಬೈಡ್ ಹಲ್ಲು, ಅದು ಜೋರಾಗಿ ತಿರುಗ್ತಾ ಬೊಡ್ಡೆ ಮೇಲೆ ಎಡಕ್ಕೆ ಬಲಕ್ಕೆ ಆಡ್ತಾ ಸ್ವಲ್ಪ ಸ್ವಲ್ಪವೇ ಕೆರೆದು ಚೂರು ಮಾಡತ್ತೆ. ಸಾಮಾನ್ಯವಾಗಿ ನೆಲದಿಂದ 6ರಿಂದ 12 ಇಂಚು ಕೆಳಗಿನವರೆಗೆ ಹೋಗತ್ತೆ. ಅದಕ್ಕಿಂತ ಆಳ ಬೇಕಿದ್ರೆ ಮೊದಲೇ ಹೇಳ್ಬೇಕು, ಎಲ್ಲಾ ಮೆಷಿನ್ನೂ ಹೋಗಲ್ಲ. ಮುಖ್ಯವಾದ ಮಾತು ಏನಂದ್ರೆ ಗ್ರೈಂಡರ್ ಬೇರು ತೆಗೆಯಲ್ಲ, ಬೊಡ್ಡೆ ಮಾತ್ರ. ಪಕ್ಕಕ್ಕೆ ಹರಿದಿರೋ ಬೇರು ಒಳಗೇ ಉಳಿದು ನಿಧಾನಕ್ಕೆ ಕೊಳೆಯತ್ತೆ, ಮಳೆ ಬಂದಾಗ ಅಲ್ಲಲ್ಲಿ ಅಣಬೆ ಏಳತ್ತೆ, ಮಣ್ಣು ಸ್ವಲ್ಪ ಕುಸಿಯತ್ತೆ. ಹುಲ್ಲಿನ ಜಾಗದಲ್ಲಿ ಇದೇನೂ ತೊಂದ್ರೆ ಇಲ್ಲ, ಮತ್ತೆ ಒಂದಿಷ್ಟು ಮಣ್ಣು ಹಾಕಿದ್ರೆ ಆಯ್ತು. ಕಾಂಕ್ರೀಟ್ ಕೆಳಗೆ ಆದ್ರೆ ಅದೇ ಕುಸಿತ ಬಿರುಕಾಗತ್ತೆ.

ಚೂರಿನ ಗುಡ್ಡೆ ನೋಡಿ ಗಾಬರಿ ಆಗ್ಬೇಡಿ, ಗುಂಡಿಗಿಂತ ಗುಡ್ಡೆನೇ ದೊಡ್ಡದಿರತ್ತೆ. ಅದನ್ನ ಅದೇ ಗುಂಡಿಗೆ ತುಂಬಿ ಮೇಲೆ ಹುಲ್ಲು ಹಾಕೋರು ಬಹಳ ಜನ. ಹಸಿ ಮರದ ಚೂರು ಮಣ್ಣಲ್ಲಿ ಬೆರೆತ್ರೆ ಕೊಳೆಯೋವಾಗ ಮಣ್ಣಿನ ಸಾರಜನಕ ಎಳ್ಕೊಳ್ಳತ್ತೆ, ಮೇಲೆ ಹಾಕಿದ ಹುಲ್ಲು ಹಳದಿ ಬೀಳತ್ತೆ. ಚೂರು ಆದಷ್ಟು ಎತ್ತಿಸಿ, ಒಳ್ಳೆ ಮಣ್ಣು ತುಂಬಿಸಿ, ನೆಲಕ್ಕಿಂತ ಸ್ವಲ್ಪ ದಿಬ್ಬವಾಗೇ ಬಿಡಿ, ತಾನಾಗೇ ಇಳಿಯತ್ತೆ. ಎತ್ತಿದ ಚೂರನ್ನ ಗಿಡಗಳ ಬುಡಕ್ಕೆ ಮುಚ್ಚಿಗೆಯಾಗಿ ಹರಡಬಹುದು, ಮಣ್ಣಿನ ಮೇಲೆ ಇದ್ರೆ ಏನೂ ಆಗಲ್ಲ, ಮಣ್ಣಿನ ಒಳಗೆ ಬೆರೆಸಬಾರದು ಅಷ್ಟೇ. ಕಾಂಡಕ್ಕೆ ತಾಗಿಸ್ಬೇಡಿ, ಮನೆ ಗೋಡೆಗೂ ಒರಗಿಸ್ಬೇಡಿ, ಗೆದ್ದಲಿಗೆ ದಾರಿ ಮಾಡ್ಕೊಟ್ಟಂಗೆ ಆಗತ್ತೆ.

—

ಅಕ್ಕ, ತೆಂಗಿನ ಬೊಡ್ಡೆ ವಿಷಯಕ್ಕೆ ಮಾತ್ರ ಹೇಳ್ತೀನಿ. ಅದನ್ನ ಕೊಳೆಯೋಕೆ ಬಿಡಲೇಬೇಡಿ. ಕೊಳೆತಿರೋ ತೆಂಗಿನ ಬೊಡ್ಡೆ, ಬಿದ್ದ ಕಾಂಡ, ಗೊಬ್ಬರದ ಗುಂಡಿ ಇವೇ ರೈನೋಸಿರಸ್ ದುಂಬಿ ಮೊಟ್ಟೆ ಇಡೋ ಜಾಗ. ಹುಳ ಅಲ್ಲಿ ಬೆಳೆದು ದುಂಬಿಯಾಗಿ ಸುತ್ತಲಿನ ತೆಂಗಿನ ಸುಳಿ ಕೊರೆಯತ್ತೆ, ಆಮೇಲೆ ಬಿಚ್ಚಿಕೊಳ್ಳೋ ಗರಿ ಕತ್ತರಿ ಹಾಕಿದ ಹಾಗೆ ಮೂಲೆ ಮೂಲೆಯಾಗಿ ಕತ್ತರಿಸಿರತ್ತೆ. ನಿಮ್ಮ ಮನೇಲಿ ಬೇರೆ ತೆಂಗು ಇಲ್ದಿದ್ರೂ ಪಕ್ಕದ ಮನೆಯವರದ್ದು ಇರಬಹುದು. ಮರ ಕಡಿಸಿದ್ದು ಬುಡ ಕೊಳೆತು ಕೆಂಪು ಬಣ್ಣದ ಅಂಟು ಸೋರ್ತಿತ್ತು ಅಂತ ಆದ್ರೆ ಇನ್ನೂ ಹುಷಾರು, ಗ್ಯಾನೋಡರ್ಮಾ ಶಿಲೀಂಧ್ರ ಇರಬಹುದು, ಅದು ಬೊಡ್ಡೆ ಬೇರಲ್ಲಿ ಉಳಿದು ಪಕ್ಕದ ಮರಕ್ಕೆ ದಾಟತ್ತೆ. ಅಂಥ ಬೊಡ್ಡೆ ಬೇರು ಸಮೇತ ಕಿತ್ತು ತೆಗೆಯೋದೇ ಸರಿ.

ಒಳ್ಳೆ ಸುದ್ದಿ ಏನಂದ್ರೆ ತೆಂಗು ಮತ್ತೆ ಚಿಗುರಲ್ಲ. ಇರೋದೊಂದೇ ಸುಳಿ, ಅದು ಹೋದ್ರೆ ಮುಗೀತು. ತಾಯಿಬೇರೂ ಇಲ್ಲ, ಬೆರಳು ದಪ್ಪದ ಬೇರು ಸಾವಿರಾರು ಇರತ್ತೆ, ಅವು ದಪ್ಪ ಆಗೋದೂ ಇಲ್ಲ, ಜೆಸಿಬಿ ಬಕೆಟ್ ಹಾಕಿದ್ರೆ ಗಡ್ಡೆ ಸಮೇತ ಎದ್ದು ಬರತ್ತೆ. ಗ್ರೈಂಡರ್‌ಗೆ ತೆಂಗು ಅಷ್ಟು ಚೆನ್ನಾಗಿ ಆಗಲ್ಲ, ನಾರು ನಾರಾಗಿ ಚಕ್ರಕ್ಕೆ ಸುತ್ಕೊಳ್ಳತ್ತೆ. ಹೇಗೂ ಕಾಂಕ್ರೀಟ್ ಹಾಕ್ತೀರಲ್ಲ, ಅಗೆಸಿಬಿಡಿ.

—

ಉಪ್ಪು ಬೇಡ, ದಯವಿಟ್ಟು ಬೇಡ. ಬೊಡ್ಡೆ ಸಾಯೋಕೆ ಬೇಕಾಗೋಷ್ಟು ಉಪ್ಪು ಸುರಿದ್ರೆ ಆ ಮಣ್ಣಲ್ಲಿ ಆಮೇಲೆ ಏನೂ ಬೆಳೆಯಲ್ಲ, ಮಳೆ ನೀರಲ್ಲಿ ಪಕ್ಕಕ್ಕೆ ಹರಿದು ಬೇರೆ ಗಿಡನೂ ಒಣಗತ್ತೆ, ಗೋಡೆ ಪಾಯದಲ್ಲಿರೋ ಕಬ್ಬಿಣಕ್ಕೆ ತುಕ್ಕು ಹಿಡಿಯತ್ತೆ. ನಿಮ್ಮ ಬೇವು ಗೋಡೆ ಪಕ್ಕನೇ ಇದೆ ಅಂತ ನೀವೇ ಬರೆದಿದೀರಿ.

ಬೆಂಕಿನೂ ಅಷ್ಟೇ. ಮೇಲೆ ಆರಿದ ಹಾಗೆ ಕಾಣತ್ತೆ, ಒಳಗೆ ಬೇರಿನ ಗುಂಟ ಕೆಂಡ ಹೊಗೆಯಾಡ್ತಾ ಹೋಗಿ ದೂರದಲ್ಲೆಲ್ಲೋ ಎದ್ದೇಳತ್ತೆ. ಪೆಟ್ರೋಲು ಡೀಸೆಲ್ಲು ಸುರಿಯೋದಂತೂ ಮಾಡ್ಲೇಬೇಡಿ, ಪೆಟ್ರೋಲ್ ಆವಿಗೆ ಕಿಡಿ ತಾಗಿದ್ರೆ ಹಚ್ಚಿದವರ ಮುಖಕ್ಕೇ ಬರತ್ತೆ, ಮಣ್ಣೂ ಕೆಡತ್ತೆ. ಕಣಗಿಲೆ ಬೊಡ್ಡೆ ಯಾರದಾದ್ರೂ ಇದ್ರೆ ಅದರ ಹೊಗೆಯೇ ವಿಷ, ಸುಡಲೇಬಾರದು.

—

ಕೈಯಲ್ಲೇ ಅಗೆದು ತೆಗೆಯೋದು ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ಮೆಷಿನ್ ಒಳಗೆ ಬರೋಕೆ ದಾರಿ ಇಲ್ಲದ ಕಡೆ ಇದೊಂದೇ ಉಪಾಯ, ಮಧ್ಯಮ ಗಾತ್ರದ ಬೊಡ್ಡೆ ಆದ್ರೆ ಖಂಡಿತ ಸಾಧ್ಯ. ಹಿಂದಿನ ದಿನ ಸುತ್ತ ನೀರು ಬಿಟ್ಟು ನೆನೆಸಿ. ಬೊಡ್ಡೆಗೆ ಅಂಟಿಕೊಂಡೇ ಅಗೆಯೋಕೆ ಹೋಗ್ಬೇಡಿ, ಎರಡು ಅಡಿ ಆಚೆಯಿಂದ ಸುತ್ತ ಕಾಲುವೆ ತೋಡಿ, ಗುದ್ದಲಿ ಆಡೋಕೆ ಜಾಗ ಬೇಕು. ಬೇರು ಕಂಡ ಮೇಲೆ ಪೈಪ್ ನೀರು ಜೋರಾಗಿ ಬಿಟ್ಟು ಮಣ್ಣು ತೊಳೀರಿ. ಒಂದೊಂದು ಬೇರನ್ನೂ ಎರಡು ಕಡೆ ಕಡಿದು ನಡುವಿನ ತುಂಡು ಪೂರ್ತಿ ತೆಗೆದುಬಿಡಿ, ಒಂದೇ ಕಡೆ ಕಡಿದ್ರೆ ಬೊಡ್ಡೆ ಅಲ್ಲಾಡಿಸಿದಾಗ ತುದಿ ತುದಿಗೆ ತಾಗಿ ಸಿಕ್ಕಾಕ್ಕೊಳ್ಳತ್ತೆ. ಕೊಡಲಿ ಹಳೇದು ಇಟ್ಕೊಳ್ಳಿ, ಮಣ್ಣು ಕಲ್ಲಿಗೆ ತಾಗಿ ಬಾಯಿ ಹೋಗತ್ತೆ. ಮರ ಕೊಯ್ಯೋ ಚೈನ್ ಗರಗಸ ಮಣ್ಣೊಳಗೆ ಹಾಕ್ಬೇಡಿ, ಚೈನ್ ಮೊಂಡಾಗೋದಷ್ಟೇ ಅಲ್ಲ, ಕಲ್ಲಿಗೋ ಬೇರಿಗೋ ತುದಿ ತಾಗಿ ಎದುರಿಗೆ ಎಗರಿ ಬಂದ್ರೆ ಅಪಾಯ.

ಇನ್ನೂ ಮರ ಕಡಿಸದೇ ಇರೋರು ಇದನ್ನ ಓದ್ತಿದ್ರೆ ಒಂದು ಮಾತು: ಬೊಡ್ಡೆ ಅಗೆದು ಕೀಳೋ ಯೋಚನೆ ಇದ್ರೆ ಮೂರು ನಾಲ್ಕು ಅಡಿ ಕಾಂಡ ಬಿಟ್ಟು ಕಡಿಸಿ. ಆ ಉದ್ದವೇ ಸನ್ನೆಕೋಲಾಗತ್ತೆ, ಮನುಷ್ಯರು ದೂಡಿದ್ರೂ ಜೆಸಿಬಿ ದೂಡಿದ್ರೂ ಬೇರು ಕಿತ್ಕೊಂಡು ಬರತ್ತೆ. ಗ್ರೈಂಡ್ ಮಾಡಿಸೋದಾದ್ರೆ ಉಲ್ಟಾ, ಆದಷ್ಟು ನೆಲಕ್ಕೆ ಸಮ ಕಡಿಸಿ. ಕಡಿಯೋರಿಗೆ ಇದನ್ನ ಮೊದಲೇ ಹೇಳದೇ ಹೋದ್ರೆ ಅವರು ಅವರಿಗೆ ಅನುಕೂಲ ಆದ ಎತ್ತರಕ್ಕೆ ಕೊಯ್ದು ಹೋಗ್ತಾರೆ, ಅದು ಎರಡಕ್ಕೂ ಬರಲ್ಲ.

ಕಾರಿಗೆ ಹಗ್ಗ ಕಟ್ಟಿ ಎಳೆಯೋದು, ಜೀಪಿಗೆ ಸರಪಳಿ ಕಟ್ಟೋದು ವಿಡಿಯೋಗಳಲ್ಲಿ ಚೆನ್ನಾಗಿ ಕಾಣತ್ತೆ. ತುಂಡಾದ ಸರಪಳಿ, ಕಿತ್ತುಬಂದ ಕೊಕ್ಕೆ ಯಾವ ಕಡೆ ಹಾರತ್ತೆ ಅಂತ ಹೇಳೋಕಾಗಲ್ಲ, ಜನ ಸತ್ತಿದಾರೆ. ಟ್ರ್ಯಾಕ್ಟರ್ ಇದ್ರೂ ಹಿಂದಿನ ಡ್ರಾಬಾರ್‌ಗಿಂತ, ಅಂದ್ರೆ ಎಳೆಯೋಕೆ ಅಂತಲೇ ಕೆಳಗೆ ಇರೋ ಕಬ್ಬಿಣದ ಪಟ್ಟಿಗಿಂತ, ಮೇಲೆ ಎಲ್ಲೂ ಕಟ್ಟಬಾರದು, ಬೊಡ್ಡೆ ಜಗ್ಗದೇ ಇದ್ರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ರೇ ಹಿಂದಕ್ಕೆ ಮಗುಚತ್ತೆ, ಕೂತವರಿಗೆ ಹಾರೋಕೂ ಟೈಮ್ ಸಿಗಲ್ಲ.

—

ಕಾಂಪ್ಲೆಕ್ಸ್ ಕೆಲಸಕ್ಕೆ ನನ್ನ ಅನುಭವ. ನಾನು ಒಂದು ಆಫೀಸ್ ಕಟ್ಟಡದ ಮೇಂಟೆನೆನ್ಸ್ ನೋಡ್ಕೊಳ್ತೀನಿ, ಪಾರ್ಕಿಂಗ್ ಬದಿಯ ಬೊಡ್ಡೆಗಳನ್ನ ತೆಗೆಸಿದೀವಿ. ಬೊಡ್ಡೆಗಿಂತ ಹೆಚ್ಚು ಹೊತ್ತು ಹೋಗಿದ್ದು ನೆಲದಡಿ ಏನಿದೆ ಅಂತ ಪತ್ತೆ ಮಾಡೋದ್ರಲ್ಲಿ. ಕರೆಂಟ್ ಕೇಬಲ್, ನೀರಿನ ಪೈಪ್, ಡ್ರೈನೇಜ್, ಇಂಟರ್ನೆಟ್ ಕೇಬಲ್, ಗ್ಯಾಸ್ ಲೈನ್, ಅರ್ತಿಂಗ್ ತಂತಿ ಎಲ್ಲಾ ಕಟ್ಟಡದ ಮುಂಭಾಗದಲ್ಲೇ ಹಾದುಹೋಗೋದು, ಮರದ ಬೇರು ಅದನ್ನೇ ತಬ್ಕೊಂಡಿರತ್ತೆ. ಬೇರು ಎಳೆದ್ರೆ ಪೈಪೂ ಜೊತೇಲಿ ಬರತ್ತೆ. ಹಳೇ ಪ್ಲಾನ್ ನಂಬ್ಕೊಂಡು ಶುರು ಮಾಡ್ಬೇಡಿ, ಆಯಾ ಇಲಾಖೆಯವರನ್ನ ಕರೆಸಿ ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿ ಆಮೇಲೇ ಮೆಷಿನ್ ಇಳಿಸಿ. ಗುರುತಿನ ಹತ್ತಿರ ಬಂದಾಗ ಕೈಯಲ್ಲೇ ಅಗೆಸಿ.

ಗ್ರೈಂಡರ್ ಕಲ್ಲು, ಹಳೇ ಮೊಳೆ, ಬೇಲಿ ತಂತಿ ತಾಗಿದ್ರೆ ಗುಂಡಿನ ಹಾಗೆ ಎಸೆಯತ್ತೆ. ಸುತ್ತ ಪ್ಲೈವುಡ್ ಹಲಗೆ ಅಡ್ಡ ನಿಲ್ಲಿಸಿ, ಜನಾನ ಕಮ್ಮಿ ಅಂದ್ರೂ 50 ಅಡಿ ದೂರ ಇಡಿ, ಪಕ್ಕದಲ್ಲಿ ಕಾರು, ಗಾಜಿನ ಬಾಗಿಲು ಇರೋ ಹೊತ್ತಲ್ಲಿ ಕೆಲಸ ಬೇಡ. ಅಂಗಡಿ ಮುಚ್ಚಿರೋ ದಿನ ನೋಡಿ ಮಾಡಿಸಿ. ಎಲ್ಲಾ ಬೊಡ್ಡೆನೂ ಒಂದೇ ಸಲ ಮಾಡಿಸಿ, ಮೆಷಿನ್ ತಂದು ಇಳಿಸೋ ಖರ್ಚೇ ದೊಡ್ಡದು, ಒಂದು ಬೊಡ್ಡೆಗೂ ಹತ್ತು ಬೊಡ್ಡೆಗೂ ಅದು ಒಂದೇ.

ಕೊಟೇಶನ್ ತಗೊಳ್ಳೋವಾಗ ಅಗಲ ಎಲ್ಲಿ ಅಳೀತಾರೆ ಕೇಳಿ. ನೆಲದ ಹತ್ರ ಬೇರು ಹರಡಿದ ಕಡೆ ಅಳೆದ್ರೆ ಬರೋ ಲೆಕ್ಕ ಬೇರೆ, ಮೇಲೆ ಕೊಯ್ದ ಮುಖ ಅಳೆದ್ರೆ ಬೇರೆ, ನಮಗೆ ಇದರ ಮೇಲೇ ಒಬ್ಬ ಕಂಟ್ರಾಕ್ಟರ್ ಜೊತೆ ಕೊನೇಲಿ ಜಗಳ ಆಯ್ತು. ಎಷ್ಟು ಆಳ, ನೆಲದ ಮೇಲೆ ಕಾಣೋ ಬೇರು ಸೇರಿದೆಯೋ ಇಲ್ವೋ, ಚೂರು ಸಾಗಿಸೋದು ಯಾರು, ಗುಂಡಿ ಮುಚ್ಚೋದು ಯಾರು, ಯಾರದ್ದಾದ್ರೂ ಗಾಜು ಒಡೆದ್ರೆ ಇನ್ಶೂರೆನ್ಸ್ ಇದೆಯಾ, ಎಲ್ಲಾ ಬರಹದಲ್ಲಿ ತಗೊಳ್ಳಿ.

ಟೈಲ್ಸ್ ಹಾಕೋ ಜಾಗದಲ್ಲಿ ಗುಂಡಿಗೆ ಮಣ್ಣು ಒಂದೇ ಸಲ ಸುರಿಯೋಕೆ ಬಿಡ್ಬೇಡಿ. ಆರೇಳು ಇಂಚು ಹಾಕು, ಸ್ವಲ್ಪ ನೀರು ಚಿಮುಕಿಸು, ದಮ್ಮಸು ಮಾಡು, ಮತ್ತೆ ಆರೇಳು ಇಂಚು. ಇದೊಂದನ್ನ ಪಕ್ಕದಲ್ಲಿ ನಿಂತು ನೋಡಿ ಮಾಡಿಸ್ಲೇಬೇಕು. ನಿಮ್ಮ ಕಾರ್ ಜಾಗಕ್ಕೂ ಇದೇ.

—

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಹೇಳ್ತೀರಿ ಅಂದ್ಕೊಂಡಿರ್ಲಿಲ್ಲ. ತೆಂಗು ಅಗೆಸೋದು ಗ್ಯಾರಂಟಿ. ಬೇವಿಂದು ಮಾತ್ರ ಇನ್ನೂ ಗೊಂದಲ. ಗೋಡೆಗೆ ಒಂದೂವರೆ ಅಡಿ ಕೂಡ ಇಲ್ಲ, ಆ ಮೂಲೇಲಿ ಏನೂ ಕಟ್ಟಲ್ಲ, ಚಿಗುರು ಮಾತ್ರ ಕಿತ್ತಷ್ಟೂ ಬರ್ತಿದೆ.

—

ಹಾಗಾದ್ರೆ ಬೇವನ್ನ ಕೀಳಿಸ್ಬೇಡಿ ಮೇಡಂ. ಅಷ್ಟು ಹತ್ರ ಜೆಸಿಬಿ ಹಾಕಿದ್ರೆ ಗೋಡೆ ಪಾಯದ ಕೆಳಗಿಂದ ಬೇರು ಮಣ್ಣು ಎರಡೂ ಎಳ್ಕೊಂಡು ಬರತ್ತೆ. ಗೋಡೆ ಆಚೆ ಇಳಿಜಾರು ಇದ್ರೆ ಆ ಬೇರೇ ಸದ್ಯಕ್ಕೆ ಮಣ್ಣು ಹಿಡ್ಕೊಂಡಿರತ್ತೆ. ಎರೆಮಣ್ಣಾದ್ರೆ ಇನ್ನೊಂದು ವಿಷಯ, ಮರ ಇದ್ದಾಗ ಕುಡೀತಿದ್ದ ನೀರು ಈಗ ಮಣ್ಣಲ್ಲೇ ಉಳಿದು ಮಣ್ಣು ಉಬ್ಬತ್ತೆ, ಗೋಡೇಲಿ ಹೊಸ ಬಿರುಕು ಬರ್ತಿದೆಯಾ ಅಂತ ಒಂದೆರಡು ಮಳೆಗಾಲ ಗಮನಿಸ್ತಾ ಇರಿ.

ಚಿಗುರಿಗೆ ಎರಡು ದಾರಿ. ಔಷಧಿ, ಅಂದ್ರೆ ಕಳೆನಾಶಕ, ಬಳಸೋದಾದ್ರೆ ಹಳೇ ಮುಖಕ್ಕೆ ಹಚ್ಚಿದ್ರೆ ಪ್ರಯೋಜನ ಇಲ್ಲ, ಒಂದೆರಡು ಇಂಚು ಮತ್ತೆ ಕೊಯ್ಸಿ ಕೊಯ್ದ ಕೆಲವೇ ನಿಮಿಷದೊಳಗೆ ತೊಗಟೆ ಒಳಗಿನ ಹಸಿ ಉಂಗುರಕ್ಕೆ ಬ್ರಷ್‌ನಲ್ಲಿ ಹಚ್ಚಬೇಕು. ನಡುವಿನ ಗಟ್ಟಿ ಭಾಗ ಮೊದಲೇ ಸತ್ತಿರತ್ತೆ, ಅಲ್ಲಿ ಹಚ್ಚೋದು ದಂಡ. ಬೊಡ್ಡೆಗೆ ಹಚ್ಚಬಹುದು ಅಂತ ಡಬ್ಬದ ಮೇಲೆ ಬರೆದಿರೋ ಔಷಧಿನೇ ಆಗಿರಲಿ, ನಿಮ್ಮಲ್ಲಿ ಅದನ್ನ ಯಾರು ಬಳಸಬಹುದು ಅಂತ ನಿಯಮನೂ ವಿಚಾರಿಸಿ, ಕೈಗವಸು ಹಾಕ್ಕೊಳ್ಳಿ. ಹತ್ತಿರದಲ್ಲಿ ಇನ್ನೊಂದು ಬೇವು ಇದ್ರೆ ಔಷಧಿ ಬೇಡ, ಒಂದೇ ಜಾತಿ ಮರದ ಬೇರು ನೆಲದೊಳಗೆ ಕೂಡ್ಕೊಂಡಿರೋದುಂಟು, ಅದಕ್ಕೂ ಏರತ್ತೆ. ಔಷಧಿ ಬೇಡ ಅಂದ್ರೆ ಚಿಗುರು ಗೇಣುದ್ದ ಆಗೋಕೂ ಬಿಡದೆ ಬುಡದಲ್ಲೇ ಮುರೀತಾ ಇರಿ. ಎಲೆ ಇಲ್ಲದೆ ಬೇರಿಗೆ ಊಟ ಸಿಗಲ್ಲ, ಕೂಡಿಟ್ಟಿದ್ದು ಖಾಲಿಯಾಗಿ ಸೋಲತ್ತೆ, ಬೇವು ಹಠದ ಮರ ಆದ್ರಿಂದ ಬೇಗ ಬಿಡಲ್ಲ. ಬೇರಿಗೆ ಗುದ್ದಲಿ ತಾಗಿಸ್ಬೇಡಿ, ಗಾಯ ಆದ ಕಡೆಯಿಂದಲೇ ಬೇವು ಹೊಸ ಸಸಿ ಎಬ್ಬಿಸತ್ತೆ.

ಚಿಗುರು ನಿಂತ ಮೇಲೆ ಒಂದಿಂಚು ಅಗಲದ ತೂತು ಆದಷ್ಟು ಆಳಕ್ಕೆ ಸಾಲಾಗಿ ಕೊರೆಸಿ, ಯೂರಿಯಾ ತುಂಬಿ, ನೀರು ಹಾಕಿ, ಮೇಲೆ ಮಣ್ಣು ಮುಚ್ಚಿ ತೇವ ಇರೋ ಹಾಗೆ ನೋಡ್ಕೊಳ್ಳಿ. ಮರ ಕೊಳೆಸೋದು ಶಿಲೀಂಧ್ರ, ಅದಕ್ಕೆ ಸಾರಜನಕನೂ ತೇವನೂ ಬೇಕು, ಒಣಗಿದ ಬೊಡ್ಡೆ ಹಾಗೇ ಕೂತಿರತ್ತೆ. ಗೆದ್ದಲು ಬಂತಾ ಅಂತ ಆಗಾಗ ಗೋಡೆ ಬುಡ ನೋಡ್ತಿರಿ, ಮಣ್ಣಿನ ಗೆರೆ ಗೋಡೆ ಹತ್ತೋದು ಕಂಡ್ರೆ ಮಾತ್ರ ಕಾಯ್ಬೇಡಿ, ಸಣ್ಣ ಗ್ರೈಂಡರ್ ಇರೋರನ್ನ ಕರೆಸಿ ಕೆರೆಸಿಬಿಡಿ. ಕೈಯಲ್ಲಿ ತಳ್ಳೋ ಅಂಥ ಮೆಷಿನ್ ಮಾಮೂಲಿ ಗೇಟಲ್ಲೂ ಒಳಗೆ ಬರತ್ತೆ.